ಹೆಪಟೈಟಿಸ್ ಸಿ ಚಿಕಿತ್ಸೆ ನಡೆಯುತ್ತಿರುವಾಗ ಹಾಟ್ ಟಬ್‌ಗೆ ಇಳಿಯಬಹುದೇ? ಹಂತ ಹಂತವಾಗಿ ತಿಳಿಯೋಣ

ಮುಂಬೈ, ಪುಣೆಯ ಹೊಸ ಬಿಲ್ಡಿಂಗ್‌ಗಳ ಕ್ಲಬ್‌ಹೌಸ್‌ಗಳಲ್ಲಿ ಈಜುಕೊಳದ ಪಕ್ಕ ಒಂದು ಜಕೂಜಿ, ಅಂದರೆ ಗುಳ್ಳೆ ಏಳುವ ಬಿಸಿನೀರಿನ ಹಾಟ್ ಟಬ್, ಇರುವುದು ಈಗ ಮಾಮೂಲಿ. ಲೋನಾವಳಾದಲ್ಲೋ ಗೋವಾದಲ್ಲೋ ವಿಲ್ಲಾ ಬಾಡಿಗೆಗೆ ಹಿಡಿದರೆ ಅಲ್ಲೂ ಬಿಸಿನೀರಿನ ಟಬ್ ಇರುತ್ತದೆ. ಮನೆಯವರೆಲ್ಲ ಇಳಿಯುತ್ತಾರೆ. ಹೆಪಟೈಟಿಸ್ ಸಿ ಮಾತ್ರೆ ನುಂಗುತ್ತಿರುವ ಒಬ್ಬರು ಮಾತ್ರ ಟವೆಲ್ ಹಿಡಿದು ದಡದಲ್ಲಿ ಕೂರುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ: "ನಾನು ಇಳಿದರೆ ಮಕ್ಕಳಿಗೆ ಏನಾದ್ರೂ ಆಗುತ್ತಾ?"

ಇಷ್ಟು ಜನ ಇದೇ ಪ್ರಶ್ನೆ ಕೇಳುತ್ತಿರುವುದರಿಂದ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಮಕ್ಕಳಿಗೆ ಏನೂ ಆಗುವುದಿಲ್ಲ. ಯೋಚಿಸಬೇಕಾದ್ದು ನಿಮ್ಮ ಬಗ್ಗೆ. ಆ ಬಿಸಿಯನ್ನು ನಿಮ್ಮ ಲಿವರ್, ನಿಮ್ಮ ಬಿಪಿ, ನೀವು ನುಂಗುತ್ತಿರುವ ಉಳಿದ ಮಾತ್ರೆಗಳು ತಡೆದುಕೊಳ್ಳುತ್ತವೆಯೇ? ಈ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಚಿಕಿತ್ಸೆಯಲ್ಲಿರುವ ಅನೇಕರು ಕೆಲವು ನಿಯಮ ಪಾಲಿಸಿದರೆ ಆರಾಮವಾಗಿ ಇಳಿಯಬಹುದು. ಕೆಲವರು ಸದ್ಯಕ್ಕೆ ಇಳಿಯಲೇಬಾರದು. ನೀವು ಯಾವ ಗುಂಪಿನವರು ಎಂದು ತಿಳಿಯಲು ಕೆಳಗಿನ ಹಂತಗಳನ್ನು ಒಂದೊಂದಾಗಿ ನೋಡಿ. ಇದನ್ನು ಓದಿ ನೇರ ಟಬ್‌ಗೆ ಹೋಗಬೇಡಿ. ನಿಮ್ಮ ಡಾಕ್ಟರ ಹತ್ತಿರ ಏನು ಕೇಳಬೇಕು ಎಂಬುದಕ್ಕೆ ಇದನ್ನು ಬಳಸಿಕೊಳ್ಳಿ.

ಶುರು ಮಾಡುವ ಮೊದಲು ನಿಮ್ಮ ಫೈಲ್ ತೆಗೆದು ಎದುರಿಗೆ ಇಟ್ಟುಕೊಳ್ಳಿ. ಫೈಬ್ರೋಸ್ಕ್ಯಾನ್ ಅಥವಾ ಸೋನೋಗ್ರಫಿ ರಿಪೋರ್ಟ್, ಇತ್ತೀಚಿನ ರಕ್ತ ಪರೀಕ್ಷೆ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಬೇಕು. ನೀರಿಗೆ ಹಾಕಬಹುದಾದ ಥರ್ಮಾಮೀಟರ್, ಕ್ಲೋರಿನ್ ನೋಡುವ ಟೆಸ್ಟ್ ಸ್ಟ್ರಿಪ್, ನೀರು ತಾಗದ ಬ್ಯಾಂಡೇಜ್, ಕುಡಿಯುವ ನೀರಿನ ಬಾಟಲಿ ಕೂಡ ಬೇಕು. ಟೆಸ್ಟ್ ಸ್ಟ್ರಿಪ್ ಎಂದರೆ ನೀರಿನಲ್ಲಿ ಅದ್ದಿದರೆ ಬಣ್ಣ ಬದಲಾಗುವ ಸಣ್ಣ ಪಟ್ಟಿ. ಆನ್‌ಲೈನ್‌ನಲ್ಲಿ ಸಿಗುತ್ತದೆ.

1. ಹರಡುವ ಭಯವನ್ನು ಮೊದಲು ಬಿಡಿ

ಹೆಪಟೈಟಿಸ್ ಸಿ ರಕ್ತದಿಂದ ರಕ್ತಕ್ಕೆ ಹರಡುವ ವೈರಸ್. ಒಬ್ಬರ ರಕ್ತ ಇನ್ನೊಬ್ಬರ ರಕ್ತದೊಳಗೆ ಹೋಗಬೇಕು. ಒಂದೇ ಸೂಜಿ ಇಬ್ಬರು ಬಳಸುವುದು, ಸರಿಯಾಗಿ ಸ್ಟೆರಿಲೈಸ್ ಮಾಡದ ಉಪಕರಣ, ಪರೀಕ್ಷೆ ಮಾಡದ ರಕ್ತ, ಹಚ್ಚೆಯ ಸೂಜಿ, ಇವು ಮುಖ್ಯ ದಾರಿಗಳು. ತಾಯಿಯಿಂದ ಹುಟ್ಟುವ ಮಗುವಿಗೂ ಬರಬಹುದು. ಲೈಂಗಿಕ ಸಂಪರ್ಕದಿಂದ ಹರಡುವುದು ಅಪರೂಪ. ನೀರಿನಿಂದ, ಊಟದಿಂದ, ಒಂದೇ ತಟ್ಟೆಯಲ್ಲಿ ತಿನ್ನುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮಿನಿಂದ ಹರಡುವುದಿಲ್ಲ. ಬೆವರಿನಿಂದಲೂ ಇಲ್ಲ. ಈಜುಕೊಳ, ಹಾಟ್ ಟಬ್ ಎರಡಕ್ಕೂ ಇದೇ ಮಾತು.

ಕಾಯಿಲೆಯ ವಿಷಯ ಹೌಸಿಂಗ್ ಸೊಸೈಟಿಯವರಿಗೆ ಹೇಳಬೇಕಾ ಎಂದು ಹಲವರು ಕೇಳುತ್ತಾರೆ. ಬೇರೆಯವರ ರಕ್ಷಣೆಗಾಗಿ ಹೇಳಬೇಕಾದ ವೈದ್ಯಕೀಯ ಕಾರಣ ಇಲ್ಲ. ಕ್ಲಬ್‌ಹೌಸ್‌ನ ಅರ್ಜಿಯಲ್ಲಿ ಹೃದಯದ ತೊಂದರೆ, ಬಿಪಿ, ಫಿಟ್ಸ್, ಚರ್ಮದ ಸೋಂಕು ಇವುಗಳ ಬಗ್ಗೆ ಕೇಳಿದ್ದರೆ ನಿಜ ಬರೆಯಿರಿ. ಅದು ನಿಮ್ಮ ಸುರಕ್ಷತೆಗೆ.

ಎಚ್ಚರ ಬೇಕಾದ್ದು ಟಬ್‌ನ ಸುತ್ತಮುತ್ತ. ಶೇವಿಂಗ್ ರೇಜರ್, ನೇಲ್ ಕಟರ್, ಹಲ್ಲುಜ್ಜುವ ಬ್ರಷ್, ಹಿಮ್ಮಡಿ ಉಜ್ಜುವ ಕಲ್ಲು, ಇವುಗಳಿಗೆ ಕಣ್ಣಿಗೆ ಕಾಣದಷ್ಟು ರಕ್ತ ಅಂಟಿರಬಹುದು. ಒಣಗಿದ ರಕ್ತದಲ್ಲಿ ಈ ವೈರಸ್ ವಾರಗಟ್ಟಲೆ ಉಳಿಯಬಲ್ಲದು. ಮನೆಯವರೆಲ್ಲ ಸೇರಿ ವಿಲ್ಲಾಗೆ ಹೋದಾಗ ಬಾತ್‌ರೂಮ್ ಒಂದೇ ಇರುತ್ತದೆ. ಯಾರದ್ದು ಯಾವುದು ಎಂದು ಗೊತ್ತಾಗದೆ ಒಂದೇ ರೇಜರ್ ಇಬ್ಬರ ಕೈಗೆ ಹೋಗುತ್ತದೆ. ನಿಮ್ಮದನ್ನು ಬೇರೆ ಪೌಚ್‌ನಲ್ಲಿ ಹಾಕಿ ಬ್ಯಾಗ್‌ನೊಳಗೇ ಇಡಿ.

ಟಬ್‌ನ ಅಂಚಿಗೆ ಅಥವಾ ನೆಲಕ್ಕೆ ರಕ್ತ ಬಿದ್ದರೆ ಗಾಬರಿ ಬೇಡ. ಕೈಗೆ ಗ್ಲೌಸ್ ಹಾಕಿ, ಟಿಶ್ಯೂನಿಂದ ಒರೆಸಿ ತೆಗೆಯಿರಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಸೇರಿಸಿ ಅಲ್ಲಿ ಹಾಕಿ. ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಯಾವತ್ತೂ ಸೇರಿಸಬೇಡಿ. ವಿಷಗಾಳಿ ಏಳುತ್ತದೆ.

2. ನಿಮ್ಮ ಲಿವರ್ ಯಾವ ಹಂತದಲ್ಲಿದೆ, ಅದನ್ನು ತಿಳಿಯಿರಿ

ಇಡೀ ಲೇಖನದಲ್ಲಿ ಒಂದೇ ಹಂತ ಓದಲು ಪುರುಸೊತ್ತಿದ್ದರೆ ಇದನ್ನು ಓದಿ.

ಹೆಪಟೈಟಿಸ್ ಸಿ ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್‌ನಲ್ಲಿ ಗಾಯದ ಕಲೆ ಮಾಡುತ್ತಾ ಹೋಗುತ್ತದೆ. ಇದಕ್ಕೆ ಫೈಬ್ರೋಸಿಸ್ ಎನ್ನುತ್ತಾರೆ. ಎಫ್0 ಎಂದರೆ ಕಲೆ ಇಲ್ಲ, ಎಫ್4 ಎಂದರೆ ಸಿರೋಸಿಸ್, ಅಂದರೆ ಲಿವರ್ ಪೂರ್ತಿ ಗಂಟುಗಂಟಾಗಿ ಗಟ್ಟಿಯಾಗಿದೆ. ಫೈಬ್ರೋಸ್ಕ್ಯಾನ್ ಎಂಬುದು ಹೊಟ್ಟೆಯ ಬದಿಗೆ ಒಂದು ಉಪಕರಣ ಇಟ್ಟು ಈ ಗಟ್ಟಿತನ ಅಳೆಯುವ ಪರೀಕ್ಷೆ. ನೋವಿಲ್ಲ, ಸೂಜಿ ಇಲ್ಲ. ಹೆಪಟೈಟಿಸ್ ಸಿ ಇರುವವರಲ್ಲಿ ಅಳತೆ ಸುಮಾರು 12.5 ಕಿಲೋಪ್ಯಾಸ್ಕಲ್ ದಾಟಿದರೆ ಸಿರೋಸಿಸ್ ಇರಬಹುದು ಎಂದು ಡಾಕ್ಟರು ನೋಡುತ್ತಾರೆ. ಫೈಬ್ರೋಸ್ಕ್ಯಾನ್ ಆಗಿಲ್ಲದಿದ್ದರೆ ರಕ್ತ ಪರೀಕ್ಷೆಯ ಅಂಕಿಗಳಿಂದಲೇ ಎಫ್‌ಐಬಿ-4 ಅಥವಾ ಏಪ್ರಿ ಎಂಬ ಲೆಕ್ಕ ಹಾಕಬಹುದು. ಪ್ಲೇಟ್‌ಲೆಟ್ ಕಡಿಮೆ ಇದ್ದಷ್ಟೂ ಸಂಶಯ ಜಾಸ್ತಿ.

ಬಿಸಿನೀರಿಗೂ ಇದಕ್ಕೂ ಏನು ಸಂಬಂಧ? ಬಿಸಿನೀರಿನಲ್ಲಿ ಕೂತಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಬಿಪಿ ಇಳಿಯುತ್ತದೆ. ಅದನ್ನು ಸರಿದೂಗಿಸಲು ಹೃದಯ ಜೋರಾಗಿ ಬಡಿಯುತ್ತದೆ. ಲಿವರ್ ಸುಮಾರಾಗಿ ಚೆನ್ನಾಗಿರುವವರಿಗೆ ಇದು ದೊಡ್ಡ ವಿಷಯ ಅಲ್ಲ. ಸಿರೋಸಿಸ್ ಮುಂದುವರಿದವರಲ್ಲಿ ಹೊಟ್ಟೆಯೊಳಗಿನ ರಕ್ತನಾಳಗಳು ಮೊದಲೇ ಹಿಗ್ಗಿರುತ್ತವೆ, ಬಿಪಿ ಮೊದಲೇ ತಗ್ಗಿರುತ್ತದೆ. ಅದರ ಮೇಲೆ ಬಿಸಿನೀರು ಬಿದ್ದರೆ ಎದ್ದು ನಿಂತ ಕೂಡಲೇ ತಲೆ ತಿರುಗಿ ಬೀಳುವ ಸಾಧ್ಯತೆ ನಿಜವಾದದ್ದು. ಅದೂ ಒದ್ದೆ ಟೈಲ್ಸ್ ಮೇಲೆ.

ಎಫ್0ದಿಂದ ಎಫ್3 ಒಳಗಿದ್ದೀರಿ, ಬೇರೆ ದೊಡ್ಡ ಕಾಯಿಲೆ ಇಲ್ಲ ಎಂದಾದರೆ ಮುಂದಿನ ಹಂತಗಳನ್ನು ನೋಡಿಕೊಂಡು ಇಳಿಯಬಹುದು. ಸಿರೋಸಿಸ್ ಇದೆ, ಆದರೆ ಲಿವರ್ ಇನ್ನೂ ಕೆಲಸ ನಿಭಾಯಿಸುತ್ತಿದೆ (ಡಾಕ್ಟರು ಇದಕ್ಕೆ ಕಾಂಪೆನ್ಸೇಟೆಡ್ ಎನ್ನುತ್ತಾರೆ) ಎಂದಾದರೆ ಡಾಕ್ಟರ ಒಪ್ಪಿಗೆ ಇಲ್ಲದೆ ಇಳಿಯಬೇಡಿ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ಕಾಮಾಲೆ ಇದ್ದರೆ, ಒಂದು ಸಲವಾದರೂ ರಕ್ತ ವಾಂತಿ ಆಗಿದ್ದರೆ, ಮಂಕು ಕವಿದು ಗೊಂದಲವಾಗಿದ್ದರೆ ಅದು ಡಿಕಾಂಪೆನ್ಸೇಟೆಡ್ ಸಿರೋಸಿಸ್, ಅಂದರೆ ಲಿವರ್ ಸೋಲುತ್ತಿರುವ ಹಂತ. ಅಂಥವರು ಹಾಟ್ ಟಬ್, ಸೌನಾ, ಸ್ಟೀಮ್ ಮೂರನ್ನೂ ಬಿಡಿ. "ಐದೇ ನಿಮಿಷ" ಎಂಬ ರಾಜಿ ಬೇಡ. ಉಗುರುಬೆಚ್ಚಗಿನ ನೀರಿನ ಸ್ನಾನ ಸಾಕು.

3. ಮಾತ್ರೆಗಳ ಪಟ್ಟಿ ನೋಡಿ

ಇಂಟರ್ನೆಟ್‌ನಲ್ಲಿ ಹುಡುಕಿದರೆ ಕೆಲವು ಕಡೆ "ಹೆಪಟೈಟಿಸ್ ಸಿ ಚಿಕಿತ್ಸೆಯಲ್ಲಿ ಹಾಟ್ ಟಬ್ ಬೇಡವೇ ಬೇಡ" ಎಂದು ಕಾಣುತ್ತದೆ. ಅಂಥ ಎಷ್ಟೋ ಸಲಹೆಗಳು ಇಂಟರ್‌ಫೆರಾನ್ ಇಂಜೆಕ್ಷನ್ ಕಾಲದವು. ಆ ಇಂಜೆಕ್ಷನ್ ತಿಂಗಳುಗಟ್ಟಲೆ ಜ್ವರ, ಸುಸ್ತು ತರುತ್ತಿತ್ತು. ಬಿಳಿ ರಕ್ತಕಣ ಇಳಿಸಿ ಸೋಂಕಿಗೆ ದಾರಿ ಮಾಡಿಕೊಡುತ್ತಿತ್ತು. ಈಗಿನ ಚಿಕಿತ್ಸೆ ಬೇರೆ. ಸೊಫೊಸ್ಬುವಿರ್ ಜೊತೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಮಾತ್ರೆ, ಹೆಚ್ಚಿನವರಿಗೆ 12 ವಾರ. ಇವು ವೈರಸ್ ಬೆಳೆಯದಂತೆ ನೇರವಾಗಿ ತಡೆಯುತ್ತವೆ. 100ರಲ್ಲಿ 90ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ತಲೆನೋವು, ಸುಸ್ತು, ಹೊಟ್ಟೆ ತೊಳಸುವುದು ಇದ್ದರೂ ಸಾಮಾನ್ಯವಾಗಿ ತಡೆದುಕೊಳ್ಳುವಷ್ಟೇ. ಈ ಮಾತ್ರೆಗಳಿಗೂ ಬಿಸಿನೀರಿಗೂ ನೇರ ಜಗಳ ಇಲ್ಲ.

ತೊಂದರೆ ಬರುವುದು ಜೊತೆಗಿರುವ ಮಾತ್ರೆಗಳಿಂದ. ಇವುಗಳಲ್ಲಿ ಯಾವುದಾದರೂ ನಿಮ್ಮ ಪಟ್ಟಿಯಲ್ಲಿದ್ದರೆ ನಿಲ್ಲಿ:

ರಿಬಾವಿರಿನ್. ಕೆಲವರಿಗೆ, ಅದರಲ್ಲೂ ಸಿರೋಸಿಸ್ ಮುಂದುವರಿದವರಿಗೆ, ಇದನ್ನೂ ಸೇರಿಸುತ್ತಾರೆ. ಇದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮೊದಲ ಕೆಲವು ವಾರಗಳಲ್ಲೇ ಹಿಮೋಗ್ಲೋಬಿನ್ ಇಳಿಯುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ ಹಾಟ್ ಟಬ್‌ಗೆ ಇದು ಸಮಯ ಅಲ್ಲ. ಚರ್ಮ ಒಣಗಿ ತುರಿಕೆಯೂ ಬರುತ್ತದೆ. ಬಿಸಿನೀರು ಅದನ್ನು ಇನ್ನಷ್ಟು ಕೆರಳಿಸುತ್ತದೆ.

ಪ್ರೊಪ್ರನೊಲಾಲ್, ಕಾರ್ವೆಡಿಲಾಲ್. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಒಡೆಯದಿರಲಿ ಎಂದು ಕೊಡುವ ಮಾತ್ರೆಗಳು. ಇವು ಹೃದಯದ ವೇಗ ಹಿಡಿದಿಡುತ್ತವೆ. ಬಿಸಿಯಲ್ಲಿ ಬಿಪಿ ಇಳಿದಾಗ ಹೃದಯ ಬೇಕಾದಷ್ಟು ಓಡಲಾರದು, ತಲೆ ಸುತ್ತುತ್ತದೆ.

ಫ್ಯೂರೋಸೆಮೈಡ್, ಸ್ಪೈರೊನೊಲ್ಯಾಕ್ಟೋನ್. ಮೂತ್ರ ಹೆಚ್ಚಿಸಿ ಮೈಯ ನೀರು ತೆಗೆಯುವ ಮಾತ್ರೆಗಳು. ಬೆವರಿನಲ್ಲೂ ನೀರು, ಉಪ್ಪು ಹೋದರೆ ಕಿಡ್ನಿಗೆ ಪೆಟ್ಟು.

ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ಇನ್ಸುಲಿನ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ವೈರಸ್ ಕಡಿಮೆಯಾಗುತ್ತಾ ಬಂದಂತೆ ಸಕ್ಕರೆ ಹತೋಟಿಗೆ ಬರಬಹುದು. ಆಗ ಹಳೆಯ ಪ್ರಮಾಣದ ಔಷಧಿಯೇ ಜಾಸ್ತಿಯಾಗಿ ಸಕ್ಕರೆ ಧಿಡೀರ್ ಇಳಿಯಬಹುದು. ಬಿಸಿಯಲ್ಲಿ ಮೈ ಇನ್ಸುಲಿನ್ ಅನ್ನು ಬೇಗ ಹೀರಿಕೊಳ್ಳುತ್ತದೆ. ಎರಡೂ ಸೇರಿದರೆ ಟಬ್‌ನೊಳಗೇ ಕೈ ನಡುಕ, ಕಣ್ಣು ಮಂಜು. ಇಳಿಯುವ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಿ. ಪಾದದ ಸ್ಪರ್ಶ ಕಡಿಮೆಯಾಗಿರುವವರು ನೀರಿನ ಬಿಸಿಯನ್ನು ಕಾಲಿನಿಂದ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಹಾಕಿ.

ಅಮಿಯೊಡರೋನ್ ಎಂಬ ಹೃದಯದ ಮಾತ್ರೆ. ಸೊಫೊಸ್ಬುವಿರ್ ಜೊತೆ ಸೇರಿದರೆ ನಾಡಿ ಅಪಾಯಕಾರಿಯಾಗಿ ನಿಧಾನವಾಗಬಹುದು. ಇದು ಹಾಟ್ ಟಬ್‌ಗಿಂತ ದೊಡ್ಡ ವಿಷಯ. ಡಾಕ್ಟರಿಗೆ ಇವತ್ತೇ ಹೇಳಿ.

ಡಯಾಲಿಸಿಸ್ ಮಾಡಿಸಿಕೊಳ್ಳುವವರು ಕತ್ತಿನ ಅಥವಾ ಎದೆಯ ಕ್ಯಾಥೆಟರ್ ಯಾವ ಕಾರಣಕ್ಕೂ ನೀರಿನಲ್ಲಿ ಮುಳುಗಿಸಬಾರದು. ಗರ್ಭಿಣಿಯರು ಹಾಟ್ ಟಬ್ ಬಿಡಬೇಕು.

ಒಂದು ತಪ್ಪು ಬಹಳ ಕಡೆ ನಡೆಯುತ್ತದೆ. ಮಾತ್ರೆ ಡಬ್ಬಿಯನ್ನು ಬಾತ್‌ರೂಮಿನ ಕಪಾಟಿನಲ್ಲೋ ಟಬ್ ಪಕ್ಕದ ಸ್ಟೂಲ್ ಮೇಲೋ ಇಡುತ್ತಾರೆ. ಈ ಮಾತ್ರೆಗಳಿಗೆ ಬಿಸಿ, ತೇವ ಎರಡೂ ಆಗುವುದಿಲ್ಲ. ಮುಂಬೈ ಮಳೆಗಾಲದ ಗಾಳಿಯೇ ಸಾಕಷ್ಟು ತೇವ. ಕಂಪನಿ ಕೊಟ್ಟ ಡಬ್ಬಿಯಲ್ಲೇ, ತಂಪಾದ ಒಣ ಜಾಗದಲ್ಲಿ ಇಡಿ. ಪ್ರವಾಸದಲ್ಲಿ ಕೈಚೀಲದಲ್ಲಿ ಇರಲಿ. ರಿಸಾರ್ಟ್‌ನ ಗಡಿಬಿಡಿಯಲ್ಲಿ ಡೋಸ್ ತಪ್ಪಬಾರದು. ಮೊಬೈಲ್‌ನಲ್ಲಿ ಅಲಾರಂ ಇಡಿ. ಸೊಫೊಸ್ಬುವಿರ್ ಮರೆತು 18 ಗಂಟೆ ಆಗಿಲ್ಲದಿದ್ದರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. 18 ಗಂಟೆ ದಾಟಿದ್ದರೆ ಅದನ್ನು ಬಿಟ್ಟು ಮುಂದಿನ ಡೋಸ್ ಸಮಯಕ್ಕೆ ಸರಿಯಾಗಿ ನುಂಗಿ. ಎರಡು ಒಟ್ಟಿಗೆ ಬೇಡ.

4. ಚರ್ಮ ನೋಡಿಕೊಳ್ಳಿ

ಕನ್ನಡಿ ಮುಂದೆ ನಿಂತು ತಲೆಯಿಂದ ಪಾದದವರೆಗೆ ನೋಡಿ. ತೆರೆದ ಗಾಯ, ಹುಣ್ಣು, ಕೀವು ಇದ್ದರೆ ಅದು ಒಣಗುವವರೆಗೆ ಇಳಿಯಬೇಡಿ. ಸಣ್ಣ ಗೀರು ಇದ್ದರೆ ನೀರು ತಾಗದ ಬ್ಯಾಂಡೇಜ್ ಹಾಕಿ. ಮುಖ್ಯ ಕಾರಣ ನಿಮ್ಮ ಗಾಯದೊಳಗೆ ಟಬ್‌ನ ಬ್ಯಾಕ್ಟೀರಿಯಾ ಹೋಗಬಾರದು ಎಂಬುದು. ಇಳಿಯುವ ದಿನ ಕಾಲು, ಕಂಕುಳ ಶೇವ್ ಮಾಡಬೇಡಿ, ವ್ಯಾಕ್ಸಿಂಗ್ ಕೂಡ ಬೇಡ. ಕಣ್ಣಿಗೆ ಕಾಣದ ಗೀರುಗಳೇ ಸೋಂಕಿನ ಬಾಗಿಲು.

ಹೆಪಟೈಟಿಸ್ ಸಿ ಜೊತೆ ಬರುವ ಎರಡು ಚರ್ಮದ ತೊಂದರೆಗಳನ್ನು ಗುರುತಿಸಿ. ಕಾಲಿನ ಮೇಲೆ ನೇರಳೆ ಬಣ್ಣದ ಚುಕ್ಕೆಗಳು ಕಂಡರೆ ಅದು ಕ್ರಯೊಗ್ಲೊಬುಲಿನೀಮಿಯಾ ಇರಬಹುದು. ತಂಪಿನಲ್ಲಿ ಗಟ್ಟಿಯಾಗುವ ಪ್ರೋಟೀನ್‌ಗಳು ಸಣ್ಣ ರಕ್ತನಾಳಗಳಿಗೆ ಹಾನಿ ಮಾಡುವ ಕಾಯಿಲೆ ಅದು. ಬಿಸಿ ಟಬ್‌ನಿಂದ ಎದ್ದು ಐಸ್ ನೀರಿನ ತೊಟ್ಟಿಗೆ ಹಾರುವ ಆಟ ಅಂಥವರಿಗೆ ಬೇಡವೇ ಬೇಡ. ಇನ್ನೊಂದು, ಬಿಸಿಲಿಗೆ ಕೈಯ ಹಿಂಭಾಗದಲ್ಲಿ ಗುಳ್ಳೆ ಎದ್ದು ಸುಲಿಯುವುದು. ಇದಕ್ಕೆ ಪೋರ್ಫೈರಿಯಾ ಎನ್ನುತ್ತಾರೆ. ಗೋವಾದ ಬಿಸಿಲಿನಲ್ಲಿ ತೆರೆದ ಟಬ್‌ನಲ್ಲಿ ಕೂತರೆ ಅದು ಹೆಚ್ಚುತ್ತದೆ. ಎರಡರಲ್ಲಿ ಯಾವುದು ಕಂಡರೂ ಡಾಕ್ಟರಿಗೆ ತೋರಿಸಿ.

5. ನೀರು ಸರಿಯಾಗಿದೆಯೇ ಎಂದು ಪರೀಕ್ಷಿಸಿ

ಹಾಟ್ ಟಬ್ ಈಜುಕೊಳಕ್ಕಿಂತ ಬೇಗ ಕೆಡುತ್ತದೆ. ನೀರು ಕಡಿಮೆ, ಜನ ಜಾಸ್ತಿ, ಬಿಸಿ ಬೇರೆ. ಬಿಸಿ ಮತ್ತು ಗುಳ್ಳೆಗಳು ಕ್ಲೋರಿನ್ ಅನ್ನು ಬೇಗ ಹಾರಿಸಿಬಿಡುತ್ತವೆ. ಬೆಳಿಗ್ಗೆ ಸರಿಯಿದ್ದ ನೀರು ಭಾನುವಾರ ಸಂಜೆಗೆ ಸರಿಯಿರಬೇಕೆಂದಿಲ್ಲ.

ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿ. ಹಾಟ್ ಟಬ್‌ನಲ್ಲಿ ಕ್ಲೋರಿನ್ ಕನಿಷ್ಠ 3 ಪಿಪಿಎಂ ಇರಬೇಕು, ಅಂದರೆ ಹತ್ತು ಲಕ್ಷ ಪಾಲು ನೀರಿಗೆ ಮೂರು ಪಾಲು. ಬ್ರೋಮಿನ್ ಹಾಕುವ ಟಬ್ ಆದರೆ ಕನಿಷ್ಠ 4. ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.0ರಿಂದ 7.8ರ ಒಳಗಿರಬೇಕು. ಪಿಎಚ್ ಮೇಲೆ ಹೋದರೆ ಕ್ಲೋರಿನ್ ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಮೂಗಿಗೆ ಬಡಿಯುವ ವಾಸನೆ ಬಂದರೆ ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ ಎಂದು ಜನ ನಂಬುತ್ತಾರೆ. ಆ ಘಾಟು ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿ ಆದ ಕ್ಲೋರಮೈನ್‌ನದು. ಒಳ್ಳೆಯ ನೀರಿಗೆ ಅಷ್ಟು ವಾಸನೆ ಇರುವುದಿಲ್ಲ. ಗೋಡೆ ಮುಟ್ಟಿದರೆ ಲೋಳೆಯಾಗಿದ್ದರೆ, ನೀರು ಮಬ್ಬಾಗಿದ್ದರೆ, ತಳ ಕಾಣದಿದ್ದರೆ ವಾಪಸ್ ಬನ್ನಿ. ಪೂಲ್ ನೋಡಿಕೊಳ್ಳುವವರನ್ನು ಸಂಕೋಚ ಇಲ್ಲದೆ ಕೇಳಿ: "ಭಯ್ಯಾ, ಪಾನೀ ಕಬ್ ಬದ್ಲಾ?" (ನೀರು ಯಾವಾಗ ಬದಲಿಸಿದ್ದು?) ಕ್ಲೋರಿನ್ ಬರೆದಿಡುವ ಪುಸ್ತಕ ತೋರಿಸಲು ಹೇಳಿ. ಪುಸ್ತಕವೇ ಇಲ್ಲದಿದ್ದರೆ ಅದೇ ಉತ್ತರ. ಬಾಡಿಗೆ ವಿಲ್ಲಾಗಳಲ್ಲಿ ಇದನ್ನು ಬುಕ್ ಮಾಡುವಾಗಲೇ ಕೇಳಬೇಕು. ಹಿಂದಿನ ಅತಿಥಿಗಳ ನೀರನ್ನೇ ಮತ್ತೆ ಬಿಸಿ ಮಾಡಿಕೊಟ್ಟರೆ ನೋಡಿದರೆ ಗೊತ್ತಾಗುವುದಿಲ್ಲ.

ಇಷ್ಟು ಹಠ ಯಾಕೆ? ಸರಿಯಿಲ್ಲದ ಟಬ್‌ನಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಕೂದಲ ಬುಡದಲ್ಲಿ ತುರಿಸುವ ಗುಳ್ಳೆ ಎಬ್ಬಿಸುತ್ತದೆ. ಲೀಜಿಯೊನೆಲ್ಲಾ ಇನ್ನೂ ಗಂಭೀರ. 25ರಿಂದ 45 ಡಿಗ್ರಿ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಗುಳ್ಳೆಗಳ ಜೊತೆ ಮೇಲೇಳುವ ಹನಿಗಳನ್ನು ಉಸಿರಾಡಿದರೆ ನ್ಯುಮೋನಿಯಾ ಬರಬಹುದು. ನೀರು ಬಾಯಿಗೆ ಹೋದರೆ ಹೆಪಟೈಟಿಸ್ ಎ, ಇ ಬರುವ ಸಾಧ್ಯತೆಯೂ ಇದೆ. ಇವೆರಡೂ ಕೊಳಕು ನೀರಿನಿಂದ ಹರಡುತ್ತವೆ. ಮೊದಲೇ ದಣಿದ ಲಿವರ್ ಇನ್ನೊಂದು ಹೆಪಟೈಟಿಸ್ ತಡೆದುಕೊಳ್ಳಲಾರದು. ಎ ಮತ್ತು ಬಿ ಲಸಿಕೆ ನಿಮಗೆ ಬೇಕಾ ಎಂದು ಡಾಕ್ಟರ ಹತ್ತಿರ ಕೇಳಿ. ಇದನ್ನು ಮುಂದೂಡಬೇಡಿ.

6. ಇಳಿಯುವ ದಿನ

ಇಳಿಯುವ ಮೊದಲು ಸೋಪು ಹಾಕಿ ಸ್ನಾನ ಮಾಡಿ. ಒಂದು ದೊಡ್ಡ ಲೋಟ ನೀರು ಕುಡಿಯಿರಿ (ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯೊಳಗೆ). ಭರ್ತಿ ಊಟ ಮಾಡಿದ ಕೂಡಲೇ ಬೇಡ, ಬರೀ ಹೊಟ್ಟೆಯಲ್ಲೂ ಬೇಡ.

ನೀರಿನ ಬಿಸಿ ಯಾರಿಗೇ ಆದರೂ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಚಿಕಿತ್ಸೆಯಲ್ಲಿರುವವರಿಗೆ ನನ್ನ ಸಲಹೆ 37-38 ಡಿಗ್ರಿ, ಮೊದಲ ಸಲ ಐದು ನಿಮಿಷ, ಆಮೇಲೆ ಹತ್ತು. ಆರೋಗ್ಯವಂತರಿಗೇ 15 ನಿಮಿಷ ಸಾಕು ಎನ್ನುತ್ತಾರೆ. ಟಬ್‌ನ ಪರದೆ ತೋರಿಸುವ ಅಂಕಿಯನ್ನು ಪೂರ್ತಿ ನಂಬದೆ ನಿಮ್ಮ ಥರ್ಮಾಮೀಟರ್ ಹಾಕಿ. ನೀರು ಎದೆಯವರೆಗೆ ಇದ್ದರೆ ಸಾಕು, ಭುಜ, ತೋಳು ಹೊರಗಿರಲಿ. ತಲೆ ಮುಳುಗಿಸಬೇಡಿ. ಜೆಟ್ (ರಭಸದ ನೀರಿನ ಧಾರೆ) ಅನ್ನು ಹೊಟ್ಟೆಗೆ ನೇರವಾಗಿ ಬಿಡಬೇಡಿ, ಸಿರೋಸಿಸ್‌ನಲ್ಲಿ ಗುಲ್ಮ (ಸ್ಪ್ಲೀನ್) ಊದಿರಬಹುದು.

ಏಪ್ರಿಲ್, ಮೇ ತಿಂಗಳ ಮುಂಬೈ, ಗೋವಾ ಸೆಕೆಯಲ್ಲಿ ಇನ್ನೂ ಎಚ್ಚರ ಬೇಕು. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಒಣ ಹವೆಯ ಪುಣೆಯಲ್ಲಿ ಡಿಸೆಂಬರ್ ಸಂಜೆ ಹತ್ತು ನಿಮಿಷ ಹಿತವಾಗಿದ್ದದ್ದು ಮೇ ತಿಂಗಳ ದಾದರ್‌ನಲ್ಲಿ ಭಾರವಾಗಬಹುದು.

ಒಬ್ಬರೇ ಇಳಿಯಬೇಡಿ. ನಿಮ್ಮ ಚಿಕಿತ್ಸೆಯ ವಿಷಯ ಗೊತ್ತಿರುವ ಒಬ್ಬರು ಪಕ್ಕದಲ್ಲಿರಲಿ. ಗೋವಾದಲ್ಲಿ ಟಬ್ ಎಂದರೆ ಕೈಯಲ್ಲಿ ಬಿಯರ್, ಫೆನಿ ಎನ್ನುವ ವಾತಾವರಣ ಇರುತ್ತದೆ. ಮದ್ಯ ಲಿವರ್‌ಗೆ ನೇರ ಪೆಟ್ಟು. ಬಿಸಿನೀರಿನಲ್ಲಿ ಅದು ಬಿಪಿ ಇನ್ನೂ ಇಳಿಸುತ್ತದೆ, ಮಂಪರು ತರುತ್ತದೆ. ಟಬ್‌ನಲ್ಲಿ ಮುಳುಗಿ ಸಾಯುವುದಕ್ಕೆ ಇದೊಂದು ದೊಡ್ಡ ಕಾರಣ. ಬಂಧುಗಳು ಒತ್ತಾಯಿಸಿದರೆ "ಮಾತ್ರೆ ನಡೀತಿದೆ, ಡಾಕ್ಟರು ಬೇಡ ಅಂದಿದ್ದಾರೆ" ಎಂದರೆ ಸಾಕು. ಯಾವ ಮಾತ್ರೆ ಎಂದು ಯಾರಿಗೂ ವಿವರಿಸಬೇಕಾಗಿಲ್ಲ.

ಸ್ಪಾದವರು ಟಬ್ ಜೊತೆ "ಡಿಟಾಕ್ಸ್" ಕಷಾಯ ಕೊಡುತ್ತಾರೆ. ಕುಡಿಯಬೇಡಿ. ಗಿಡಮೂಲಿಕೆ ಎಂದ ಮಾತ್ರಕ್ಕೆ ಲಿವರ್‌ಗೆ ನಿರಪಾಯ ಎಂದಲ್ಲ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ಡಾಕ್ಟರುಗಳೇ 2021ರಲ್ಲಿ ವರದಿ ಮಾಡಿದ್ದಾರೆ. ಕೆಲವು ಮೂಲಿಕೆಗಳು ನಿಮ್ಮ ಮಾತ್ರೆಯ ಶಕ್ತಿಯನ್ನೇ ಕುಗ್ಗಿಸುತ್ತವೆ. ಸ್ಪಾದ ಪೆಡಿಕ್ಯೂರ್, ಬೀಚ್ ಬದಿಯ ಹಚ್ಚೆ ಕೂಡ ಬೇಡ. ಅಲ್ಲಿನ ಸೂಜಿ, ಬ್ಲೇಡ್ ಹೇಗಿದೆ ಎಂದು ನಿಮಗೆ ಖಾತ್ರಿ ಇರುವುದಿಲ್ಲ.

7. ಹೊರಗೆ ಬಂದ ಮೇಲೆ

ಧಡಕ್ಕನೆ ಏಳಬೇಡಿ. ಮೊದಲು ಟಬ್‌ನ ಅಂಚಿನಲ್ಲಿ ಎರಡು ನಿಮಿಷ ಕೂತು, ಕಂಬಿ ಹಿಡಿದು ಏಳಿ. ಸೋಪು ಹಾಕಿ ಮತ್ತೆ ಸ್ನಾನ ಮಾಡಿ, ಒದ್ದೆ ಬಟ್ಟೆ ಕೂಡಲೇ ಬದಲಿಸಿ. ನೀರು ಕುಡಿಯಿರಿ. ತುರಿಕೆ ಇದ್ದರೆ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ.

ತಲೆನೋವು ಬಂದರೆ ಕೈಗೆ ಸಿಕ್ಕ ಮಾತ್ರೆ ನುಂಗಬೇಡಿ. ಸಿರೋಸಿಸ್ ಇದ್ದವರಿಗೆ ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಕಿಡ್ನಿಗೆ ಅಪಾಯ, ರಕ್ತಸ್ರಾವವೂ ಆಗಬಹುದು. ಲಿವರ್ ಕಾಯಿಲೆಯವರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರಬಾರದು ಎಂಬುದು ಸಾಮಾನ್ಯ ಮಿತಿ. ನಿಮ್ಮ ಮಿತಿ ಎಷ್ಟು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಒಂದೆರಡು ದಿನದಲ್ಲಿ ಈಜುಡುಗೆ ಮುಚ್ಚಿದ್ದ ಜಾಗದಲ್ಲಿ ಕೆಂಪು ಗುಳ್ಳೆಗಳು ಎದ್ದರೆ ಡಾಕ್ಟರಿಗೆ ತೋರಿಸಿ. ಎರಡು ವಾರದೊಳಗೆ ಜ್ವರ, ಕೆಮ್ಮು, ಏದುಸಿರು ಬಂದರೆ "ಹಾಟ್ ಟಬ್‌ಗೆ ಇಳಿದಿದ್ದೆ" ಎಂದು ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಲೀಜಿಯೊನೆಲ್ಲಾ ಯಾರ ತಲೆಗೂ ಹೊಳೆಯುವುದಿಲ್ಲ. ಎಚ್ಚರ ತಪ್ಪಿದರೆ, ರಕ್ತ ವಾಂತಿಯಾದರೆ, ಟಾರಿನಂಥ ಕಪ್ಪು ಮಲ ಹೋದರೆ, ಮಾತು ತೊದಲಿ ಗೊಂದಲವಾದರೆ ಕಾಯಬೇಡಿ. ಮಹಾರಾಷ್ಟ್ರ, ಗೋವಾ ಎರಡರಲ್ಲೂ ಆಂಬುಲೆನ್ಸ್‌ಗೆ 108.

8. ಗಣೇಶಪುರಿಯ ಕುಂಡ, ಗೋವಾದ ಹಿನ್ನೀರು

ಮುಂಬೈನ ನಮ್ಮ ಕರಾವಳಿ ಕಡೆಯವರು ನಿತ್ಯಾನಂದ ಸ್ವಾಮಿಗಳ ಸಮಾಧಿಯ ದರ್ಶನಕ್ಕೆ ಗಣೇಶಪುರಿಗೆ ಹೋಗುತ್ತಾರೆ. ಅಲ್ಲಿ, ಪಕ್ಕದ ವಜ್ರೇಶ್ವರಿ, ಅಕ್ಲೋಲಿಯಲ್ಲಿ ತಾನಸಾ ನದಿಯ ಬದಿಗೆ ಬಿಸಿನೀರಿನ ಕುಂಡಗಳಿವೆ. ನಂಬಿಕೆಯಿಂದ ಮುಳುಗುತ್ತಾರೆ. ಆ ನಂಬಿಕೆಯ ಬಗ್ಗೆ ನನಗೆ ಗೌರವ ಇದೆ. ಆದರೆ ಚಿಕಿತ್ಸೆ ಮುಗಿಯುವವರೆಗೆ ಮುಳುಗಬೇಡಿ. ನೆಲದಿಂದ ಬರುವ ಆ ನೀರಿನ ಬಿಸಿ ನಮ್ಮ ಕೈಯಲ್ಲಿಲ್ಲ, ಕ್ಲೋರಿನ್ ರಕ್ಷಣೆಯ ಭರವಸೆ ಇಲ್ಲ, ಒಂದೇ ನೀರಿಗೆ ತುಂಬಾ ಜನ ಇಳಿಯುತ್ತಾರೆ. ಬೆಚ್ಚಗಿನ ಸಿಹಿನೀರು ಮೂಗಿನೊಳಗೆ ಹೋದರೆ ಮಿದುಳಿಗೆ ಹತ್ತುವ ಅಮೀಬಾ ಸೋಂಕು ಅಪರೂಪ, ಆದರೆ ಬಂದರೆ ಬದುಕುವುದು ಕಷ್ಟ. ಮನಸ್ಸಿಗೆ ಬೇಕೆನಿಸಿದರೆ ಗಾಯವಿಲ್ಲದ ಪಾದದ ಮೇಲೆ ತಣಿಸಿದ ನೀರು ಹಾಕಿಕೊಳ್ಳಿ, ಕೈಮುಗಿದು ಬನ್ನಿ.

ಗೋವಾದಲ್ಲಿ ಅಪಾಯ ಬೇರೆ. ಬೆಚ್ಚಗಿನ ಸಮುದ್ರ ಮತ್ತು ಉಪ್ಪು-ಸಿಹಿ ಬೆರೆಯುವ ನದಿಮುಖದ ನೀರಿನಲ್ಲಿ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಗಾಯದ ಮೂಲಕ ಅಥವಾ ಹಸಿ ಸಿಂಪಿ (ಅಲ್ಲಿಯವರ ಕಾಲ್ವಾಂ) ತಿಂದಾಗ ಒಳಗೆ ಹೋಗುತ್ತದೆ. ಆರೋಗ್ಯವಂತರಿಗೆ ಹೊಟ್ಟೆ ಕೆಡಬಹುದು. ಸಿರೋಸಿಸ್ ಇದ್ದವರಲ್ಲಿ ರಕ್ತಕ್ಕೆ ಹರಡಿ ಒಂದೆರಡು ದಿನದಲ್ಲೇ ಜೀವ ತೆಗೆಯಬಲ್ಲದು. ಹಾಟ್ ಟಬ್ ಬಗ್ಗೆ ಹೆದರಿ, ಹಸಿ ಸಿಂಪಿಯನ್ನು ನಿಂಬೆ ಹಿಂಡಿ ತಿನ್ನುವವರು ಇದ್ದಾರೆ. ನಿಂಬೆರಸ ಇದನ್ನು ಸಾಯಿಸುವುದಿಲ್ಲ. ಚಿಪ್ಪಿನ ಮೀನು ಪೂರ್ತಿ ಬೆಂದಿರಬೇಕು. ಕಾಲಲ್ಲಿ ಗಾಯ ಇದ್ದರೆ ಸಮುದ್ರಕ್ಕೆ ಇಳಿಯಬೇಡಿ. ಕಲ್ಲು ಚುಚ್ಚಿ ಗಾಯವಾಗಿ ಅದು ಕೆಂಪಾಗಿ ಊದಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

9. ಚಿಕಿತ್ಸೆ ಮುಗಿದ ಮೇಲೆ

ಕೊನೆಯ ಮಾತ್ರೆ ನುಂಗಿದ ದಿನವೇ ಗುಣವಾಯಿತು ಎಂದು ಹೇಳಲಾಗುವುದಿಲ್ಲ. 12 ವಾರ ಬಿಟ್ಟು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ ಮಾಡಿಸಬೇಕು. ರಕ್ತದಲ್ಲಿ ವೈರಸ್ ಇದೆಯೇ ಎಂದು ನೇರವಾಗಿ ನೋಡುವ ಪರೀಕ್ಷೆ ಅದು. ಇಲ್ಲ ಎಂದು ಬಂದರೆ ನೀವು ಗುಣವಾದಿರಿ. ಆರಾಮ ಅನಿಸಿತು ಎಂದು ಈ ಪರೀಕ್ಷೆ ಬಿಡುವವರು ತುಂಬಾ ಇದ್ದಾರೆ. ದಯವಿಟ್ಟು ಬಿಡಬೇಡಿ. ಖರ್ಚಿನ ಚಿಂತೆ ಇದ್ದರೆ, 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ದೊಡ್ಡ ಸರ್ಕಾರಿ ಆಸ್ಪತ್ರೆಯ ಮೆಡಿಸಿನ್ ಅಥವಾ ಗ್ಯಾಸ್ಟ್ರೋ ವಿಭಾಗದಲ್ಲಿ ಈ ಹೆಸರು ಹೇಳಿ ಕೇಳಿ.

ಸಿರೋಸಿಸ್ ಇಲ್ಲದೆ ಗುಣವಾದವರು ಎಲ್ಲರಂತೆ ಹಾಟ್ ಟಬ್ ಬಳಸಬಹುದು: 40 ಡಿಗ್ರಿಯೊಳಗೆ, 15 ನಿಮಿಷದೊಳಗೆ, ನೀರು ಪರೀಕ್ಷಿಸಿ. ಸಿರೋಸಿಸ್ ಇದ್ದವರಿಗೆ ವೈರಸ್ ಹೋದರೂ ಲಿವರ್‌ನ ಕಲೆ ಒಮ್ಮೆಲೇ ಹೋಗುವುದಿಲ್ಲ. ಎರಡನೇ, ಮೂರನೇ ಹಂತದಲ್ಲಿ ಹೇಳಿದ್ದು ಮುಂದುವರಿಯುತ್ತದೆ. ಲಿವರ್ ಕ್ಯಾನ್ಸರ್ ಬಂದರೆ ಬೇಗ ಪತ್ತೆಹಚ್ಚಲು ಆರು ತಿಂಗಳಿಗೊಮ್ಮೆ ಸೋನೋಗ್ರಫಿ ಮಾಡಿಸುತ್ತಿರಬೇಕು. ಒಮ್ಮೆ ಗುಣವಾದವರಿಗೂ ಈ ವೈರಸ್ ಮತ್ತೆ ತಗುಲಬಹುದು, ಹಾಗಾಗಿ ರೇಜರ್, ಸೂಜಿಯ ಎಚ್ಚರ ಯಾವಾಗಲೂ ಇರಲಿ.

ಆರ್‌ಎನ್‌ಎ ರಿಪೋರ್ಟ್‌ನ ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಿ. ಗುಣವಾದ ಮೇಲೂ ಆ್ಯಂಟಿಬಾಡಿ ಪರೀಕ್ಷೆ ಸಾಮಾನ್ಯವಾಗಿ ಪಾಸಿಟಿವ್ ಎಂದೇ ಬರುತ್ತದೆ, ಏಕೆಂದರೆ ಅದು ಹಿಂದೆ ಬಂದಿದ್ದ ಸೋಂಕಿನ ಗುರುತು ಮಾತ್ರ. ಆಪರೇಷನ್‌ಗೆ ಮೊದಲು ಅಥವಾ ಇನ್ಶೂರೆನ್ಸ್ ತಪಾಸಣೆಯಲ್ಲಿ ಅದನ್ನು ನೋಡಿ ಯಾರಾದರೂ ಗಾಬರಿಪಟ್ಟರೆ ಆ ಆರ್‌ಎನ್‌ಎ ರಿಪೋರ್ಟ್ ತೋರಿಸಿ.